ಬೆನ್ನುಮೂಳೆಯ ಬೆಸುಗೆ: ಸ್ಕ್ರೂ ಹಿಡಿದಿಡುತ್ತದೆ, ಮೂಳೆ ಬೆಳೆಯಬೇಕು

ಪ್ರಶ್ನೆ: ನನಗೆ 57 ವರ್ಷ. ಮನೆಗೆಲಸದ ಜೊತೆಗೆ ತೋಟದ ಕೆಲಸವನ್ನೂ ಮಾಡಿಕೊಂಡು ಬಂದವಳು. ಸೊಂಟನೋವು ಹಳೆಯದು. ಆದರೆ ಕಳೆದ ವರ್ಷದಿಂದ ಸ್ವಲ್ಪ ದೂರ ನಡೆದರೂ ಎರಡೂ ಕಾಲುಗಳು ಪೃಷ್ಠದಿಂದ ಮೀನಖಂಡದವರೆಗೆ ಸೆಳೆದು ಭಾರವಾಗುತ್ತವೆ. ಯಾವುದಾದರೂ ಜಗಲಿಯ ಮೇಲೆ ಕೂತರೆ ಐದು ನಿಮಿಷದಲ್ಲಿ ಹಗುರವಾಗುತ್ತದೆ. ಮಾತ್ರೆ, ಫಿಸಿಯೋಥೆರಪಿ, ಬೆನ್ನಿಗೆ ಇಂಜೆಕ್ಷನ್ ಎಲ್ಲ ಆಗಿದೆ. ಸೊಂಟದ ನಾಲ್ಕನೆಯ ಮೂಳೆ (ಎಲ್4) ಐದನೆಯದರ (ಎಲ್5) ಮೇಲೆ ಮುಂದಕ್ಕೆ ಜಾರಿದೆ, ಗ್ರೇಡ್ 1 ಅಂದರೆ ಅಲ್ಪ ಪ್ರಮಾಣದಲ್ಲಿ, ನರದ ದಾರಿ ಕಿರಿದಾಗಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ಸ್ಕ್ರೂ ಹಾಕಿ ಆ ಎರಡು ಮೂಳೆಗಳನ್ನು ಬೆಸೆಯಬೇಕೆಂದು ವೈದ್ಯರು ಸೂಚಿಸಿದ್ದಾರೆ. ಬೆನ್ನಿಗೆ ಕತ್ತಿ ತಾಗಿಸಿದರೆ ಹಾಸಿಗೆ ಹಿಡಿಯುವುದು ಖಂಡಿತ ಎಂದು ನೆಂಟರು ಹೆದರಿಸುತ್ತಿದ್ದಾರೆ. ಸಕ್ಕರೆ ಕಾಯಿಲೆಯಿದೆ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸವೂ ಇದೆ. ಏನು ಮಾಡಲಿ?
– ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನೋವುಗಳಿವೆ; ಅವೆರಡನ್ನೂ ಬೇರೆಬೇರೆಯಾಗಿ ನೋಡಬೇಕು. ನಡೆದಾಗ ಕಾಲು ಸೆಳೆದು, ಕೂತಾಗ ಅಥವಾ ಮುಂದಕ್ಕೆ ಬಾಗಿದಾಗ ಕಡಿಮೆಯಾಗುವ ನೋವು ನರಗಳು ಒತ್ತಿಹೋಗಿರುವುದರ ಲಕ್ಷಣ. ನಿಂತು ನಡೆಯುವಾಗ ನರದ ದಾರಿ ಇನ್ನಷ್ಟು ಕಿರಿದಾಗುತ್ತದೆ, ಬಾಗಿದಾಗ ತುಸು ಅಗಲವಾಗುತ್ತದೆ. ಈ ನೋವಿಗೆ ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ. ಹಳೆಯ ಸೊಂಟನೋವಿನ ಬಗ್ಗೆ ಮಾತ್ರ ಅಷ್ಟು ಭರವಸೆ ಕೊಡಲಾಗದು: ಅದು ಕಡಿಮೆಯಾಗಬಹುದು, ಪೂರ್ತಿ ಹೋಗದೆಯೂ ಇರಬಹುದು. ಕಾಲುನೋವಿಲ್ಲದೆ, ಮೂಳೆ ಜಾರದೆ, ಬರೀ ಸೊಂಟನೋವಿಗೆಂದು ಬೆಸುಗೆ ಮಾಡಿಸಿಕೊಳ್ಳಲು ಹೊರಟವರಾಗಿದ್ದರೆ ನಾನು ನಿಮ್ಮನ್ನು ತಡೆಯುತ್ತಿದ್ದೆ. ಅಂಥವರಲ್ಲಿ ಕ್ರಮಬದ್ಧ ವ್ಯಾಯಾಮ ಮತ್ತು ನೋವಿನ ಭಯ ಬಿಡಿಸುವ ತರಬೇತಿಯಿಂದ ಶಸ್ತ್ರಚಿಕಿತ್ಸೆಗೆ ಹತ್ತಿರಹತ್ತಿರದ ಫಲ ಸಿಕ್ಕಿದ್ದನ್ನು ನಾರ್ವೆಯ ವೈದ್ಯರು 2003ರಲ್ಲೇ ತೋರಿಸಿದ್ದಾರೆ.

ನೆಂಟರ ಭಯಕ್ಕೆ ಒಂದು ಸಮಾಧಾನವಿದೆ. ಬೆನ್ನುಹುರಿಯು ಸಾಮಾನ್ಯವಾಗಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ನಿಮ್ಮ ತೊಂದರೆಯಿರುವುದು ಅದಕ್ಕಿಂತ ಕೆಳಗೆ, ಬಿಡಿಬಿಡಿ ನರಗಳಷ್ಟೇ ಇರುವ ಜಾಗದಲ್ಲಿ. ಆದ್ದರಿಂದ ಎರಡೂ ಕಾಲು ಬಿದ್ದುಹೋಗುವ ಘಟನೆ ತೀರಾ ಅಪರೂಪ. ಹಾಗೆಂದು ಇದು ಅಪಾಯವೇ ಇಲ್ಲದ ಕೆಲಸವಲ್ಲ. ಸೋಂಕು, ನರದ ಹೊದಿಕೆ ಹರಿಯುವುದು, ಒಂದು ನರಕ್ಕೆ ಪೆಟ್ಟಾಗಿ ಪಾದ ಎತ್ತಲಾಗದಿರುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಡೆಗೆ ಮೂಳೆ ಬೆಸೆಯದೇ ಉಳಿಯುವುದು, ಇವುಗಳ ಬಗ್ಗೆ ನಿಮ್ಮ ಸರ್ಜನ್ ನಿಮಗೆ ಮುಂಚಿತವಾಗಿ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನರದ ಒತ್ತಡ ಬಿಡಿಸಿದರಷ್ಟೇ ಸಾಲದೇ, ಬೆಸುಗೆ ಬೇಕೇಬೇಕೇ? ಇದು ವೈದ್ಯರ ನಡುವೆಯೇ ಇನ್ನೂ ತೀರದ ಚರ್ಚೆ. 2016ರಲ್ಲಿ ಒಟ್ಟಿಗೇ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಸ್ವೀಡನ್ನಿನದು ಬೆಸುಗೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲವೆಂದರೆ, ಅಮೆರಿಕದ್ದು ತುಸು ಲಾಭವಿದೆ ಎಂದಿತು. 2021ರ ನಾರ್ವೆಯ ಅಧ್ಯಯನವು, ನಿಮ್ಮಂತೆ ವಯಸ್ಸಿನ ಸವೆತದಿಂದ ಮೂಳೆ ಜಾರಿದವರಲ್ಲಿಯೂ, ಎರಡು ವರ್ಷಗಳ ನಂತರ ನೋಡಿದಾಗ ಒತ್ತಡ ಬಿಡಿಸುವ ಚಿಕಿತ್ಸೆಯೊಂದೇ ಬೆಸುಗೆಗೆ ಕಡಿಮೆಯಿಲ್ಲವೆಂದು ತೋರಿಸಿತು. ಬಾಗಿ ಒಂದು, ಹಿಂದಕ್ಕೆ ಚಾಚಿ ಒಂದು ಎಕ್ಸ್-ರೇ ತೆಗೆಸಿದಾಗ ಜಾರಿದ ಮೂಳೆ ಅಲುಗಾಡುವುದು ಎದ್ದು ಕಂಡರೆ, ಅಥವಾ ಒತ್ತಡ ಬಿಡಿಸಲು ಕೀಲಿನ ಹೆಚ್ಚು ಭಾಗವನ್ನೇ ತೆಗೆಯಬೇಕಾಗಿದ್ದರೆ, ಬೆಸುಗೆಯ ಸಲಹೆಗೆ ಅರ್ಥವಿದೆ. ಆ ಎಕ್ಸ್-ರೇ ಇಲ್ಲದೆ ತೀರ್ಮಾನಕ್ಕೆ ಬರಬೇಡಿ. ಇನ್ನೊಬ್ಬ ಬೆನ್ನುಮೂಳೆ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚವೂ ಬೇಡ.

ಬೆಸುಗೆ ಎಂದರೆ ಸ್ಕ್ರೂಗಳೇ ಎಂದು ಬಹಳ ಮಂದಿ ತಿಳಿದಿದ್ದಾರೆ. ವಾಸ್ತವದಲ್ಲಿ ಸ್ಕ್ರೂ ಮತ್ತು ರಾಡು ಮಾಡುವುದು ಸೆಂಟ್ರಿಂಗ್ ಕೆಲಸ, ಕಾಂಕ್ರೀಟು ಗಟ್ಟಿಯಾಗುವವರೆಗಿನ ಆಸರೆ. ಮೂಳೆಗಳ ನಡುವಿನ ಸವೆದ ಮೆತ್ತೆಯನ್ನು (ಡಿಸ್ಕ್) ತೆಗೆದ ಜಾಗದಲ್ಲಿ ‘ಕೇಜ್’ ಎಂಬ ಸಣ್ಣ ಪೆಟ್ಟಿಗೆಯಿಟ್ಟು, ಒತ್ತಡ ಬಿಡಿಸುವಾಗ ಕಡಿದು ತೆಗೆದ ನಿಮ್ಮದೇ ಮೂಳೆಯ ಚೂರುಗಳನ್ನು ಅದರೊಳಗೂ ಸುತ್ತಲೂ ತುಂಬುತ್ತಾರೆ. ಆ ಚೂರುಗಳ ಮೂಲಕ ಹೊಸ ಮೂಳೆ ಬೆಳೆದು ಬೆನ್ನಿನ ಆ ಎರಡು ಮೂಳೆಗಳು ಒಂದಾಗಲು ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಮೂಳೆ ಬೆಳೆಯದಿದ್ದರೆ ಎಷ್ಟೇ ಗಟ್ಟಿಯಾದ ಸ್ಕ್ರೂ ಆದರೂ ಕ್ರಮೇಣ ಸಡಿಲಗೊಳ್ಳಬಹುದು, ಮುರಿಯಲೂಬಹುದು.

ನಿಮ್ಮ ಹೊಗೆಸೊಪ್ಪಿನ ವಿಷಯ ಇಲ್ಲಿ ಬರುತ್ತದೆ. ನಾವು ‘ಸಿಗರೇಟು ಸೇದುತ್ತೀರಾ’ ಎಂದು ಕೇಳುತ್ತೇವೆ, ನಮ್ಮ ಹೆಂಗಸರು ‘ಇಲ್ಲ’ ಎನ್ನುತ್ತಾರೆ; ಮಡಿಲಿನ ಚೀಲದಲ್ಲಿರುವ ಹೊಗೆಸೊಪ್ಪು ಲೆಕ್ಕಕ್ಕೇ ಬರುವುದಿಲ್ಲ. ಮೂಳೆಗೆ ರಕ್ತ ಒದಗದಂತೆ ಮಾಡುವ ನಿಕೋಟಿನ್ ಅದರಲ್ಲಿಯೂ ಇದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ಒಂದೂವರೆ ತಿಂಗಳ ಮೊದಲು ಬಿಟ್ಟು, ಬೆಸುಗೆ ಖಚಿತವಾಗುವವರೆಗೆ ಮುಟ್ಟಬೇಡಿ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ವಿಟಮಿನ್ ಡಿ, ನಿಮ್ಮ ವಯಸ್ಸಿಗೆ ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಂಡು, ಕೊರತೆಗಳನ್ನು ಸರಿಪಡಿಸಿಕೊಂಡ ಮೇಲೆಯೇ ದಿನಾಂಕ ಗೊತ್ತುಮಾಡಿಕೊಳ್ಳಿ. ನಿಮ್ಮದು ತುರ್ತು ಸ್ಥಿತಿಯಲ್ಲ. ಆದರೆ ಮೂತ್ರ ಹೋಗಲು ಕಷ್ಟವಾದರೆ ಅಥವಾ ತಿಳಿಯದೆ ಹೋದರೆ, ಗುದದ ಸುತ್ತ ಮತ್ತು ತೊಡೆಸಂದಿಯಲ್ಲಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್ ಆದ ಮಾರನೆಯ ದಿನವೇ ನಿಮ್ಮನ್ನು ಎಬ್ಬಿಸಿ ನಡೆಸುತ್ತಾರೆ. ಹಾಸಿಗೆಯಿಂದ ನೇರವಾಗಿ ಎದ್ದು ಕೂರಬಾರದು. ಭುಜ, ಸೊಂಟ ಒಟ್ಟಿಗೇ ತಿರುಗುವಂತೆ ಮಗ್ಗುಲಾಗಿ, ಕಾಲನ್ನು ಮಂಚದಿಂದ ಕೆಳಗಿಳಿಸುತ್ತಲೇ ಮೊಣಕೈ ಊರಿ ಮೇಲೇಳಬೇಕು. ನಾಲ್ಕೈದು ದಿನಕ್ಕೆ ಮನೆಗೆ ಕಳುಹಿಸುವುದು ವಾಡಿಕೆ; ಆದ್ದರಿಂದ ಮನೆಯನ್ನು ಮೊದಲೇ ಸಿದ್ಧಮಾಡಿಡಿ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯವಾದರೆ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಚಾಪೆಯ ಬದಲು ಮಂಚ, ಮಣೆಯ ಬದಲು ಕುರ್ಚಿ ಬೇಕು. ಮೊದಲ ಮೂರು ತಿಂಗಳು ಬಾಗುವುದು, ಸೊಂಟ ತಿರುಚುವುದು, ನೀರು ತುಂಬಿದ ಬಿಂದಿಗೆ ಎತ್ತುವುದು ಕೂಡದು; ಕಸ ಗುಡಿಸುವುದು, ನೆಲ ಒರೆಸುವುದು ಬೇರೆಯವರ ಪಾಲಿಗಿರಲಿ. ನಡಿಗೆಯೊಂದನ್ನು ಮಾತ್ರ ತಪ್ಪಿಸಬೇಡಿ, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಿ. ಜ್ವರ, ಗಾಯದಿಂದ ಕೀವು ಅಥವಾ ನೀರು ಬರುವುದು, ಒಂದೇ ಮೀನಖಂಡ ಊದಿ ನೋಯುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬಾರದು. ತೋಟದಲ್ಲಿ ಓಡಾಡಿ ಕೆಲಸ ನೋಡಿಕೊಳ್ಳಲು ಮೂರು ತಿಂಗಳ ನಂತರ ಅಡ್ಡಿಯಿರಲಾರದು. ಕಾಯಿಯ ಚೀಲ ಹೊರುವ ಕೆಲಸವನ್ನು ಶಾಶ್ವತವಾಗಿ ಬಿಟ್ಟುಕೊಡುವುದೇ ಒಳಿತು.

ಪ್ರಶ್ನೆ: ನಾನು 41 ವರ್ಷದ ಬಸ್ ಚಾಲಕ. ಇದೇ ಆಪರೇಷನ್ ಆಗಿ ಎರಡೂವರೆ ತಿಂಗಳಾಯಿತು. ಕಾಲಿನ ಸೆಳೆತ ಹೋಗಿದೆ, ಹೆಬ್ಬೆರಳಿನ ಜೋಮು ಹೋಗಿಲ್ಲ. ಎಕ್ಸ್-ರೇಯಲ್ಲಿ ‘ಇನ್ನೂ ಬೆಸೆದಿಲ್ಲ’ ಎಂದರು. ಆಪರೇಷನ್ ಕೆಟ್ಟಿತೇ? ಡ್ಯೂಟಿಗೆ ಯಾವಾಗ ಹೋಗಬಹುದು? ಸ್ಕ್ರೂ ತೆಗೆಸಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕೆಟ್ಟಿಲ್ಲ. ಎರಡೂವರೆ ತಿಂಗಳಿಗೆ ಬೆಸುಗೆ ಎಕ್ಸ್-ರೇಯಲ್ಲಿ ಕಾಣಬೇಕೆಂದು ನಿರೀಕ್ಷಿಸುವುದೇ ಸರಿಯಲ್ಲ; ಈ ಹಂತದಲ್ಲಿ ಸ್ಕ್ರೂ ಮತ್ತು ಕೇಜ್ ಇಟ್ಟಲ್ಲೇ ಇವೆಯೇ ಎಂಬುದನ್ನಷ್ಟೇ ನೋಡುತ್ತಾರೆ. ಒಂದು ವರ್ಷದ ನಂತರವೂ ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಬಹುದು. ಒತ್ತಡ ಬಿಟ್ಟ ನರದಲ್ಲಿ ಮೊದಲು ಹೋಗುವುದು ನೋವು, ಆಮೇಲೆ ಬಲ ಮರಳುತ್ತದೆ, ಜೋಮು ಸಾಮಾನ್ಯವಾಗಿ ಕೊನೆಗೆ ಹೋಗುವಂಥದ್ದು. ಅದಕ್ಕೆ ಒಂದು ವರ್ಷ ಕೊಡಿ. ಬಹಳ ಕಾಲ ಒತ್ತಿಹೋಗಿದ್ದ ನರವಾದರೆ ಸ್ವಲ್ಪ ಜೋಮು ಉಳಿದುಬಿಡುವುದೂ ಉಂಟು.

ನಿಮ್ಮ ಉದ್ಯೋಗದ ಕಷ್ಟವೆಂದರೆ ಕೂರುವುದು ಮತ್ತು ವಾಹನದ ಅದುರು, ಎರಡೂ ಸೊಂಟಕ್ಕೆ ಹೊರೆ. ಮೇಜಿನ ಕೆಲಸದವರು ಎರಡು ತಿಂಗಳಿಗೆ ಮರಳಿದರೂ ಬಸ್ಸಿನ ಸ್ಟಿಯರಿಂಗ್ ಹಿಡಿಯಲು ಆರು ತಿಂಗಳಾದರೂ ಕಾಯುವುದು ಕ್ಷೇಮ. ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತುವಷ್ಟು ಬಲ ಬಲಗಾಲಿಗೆ ಮರಳಿದೆಯೇ ಎಂಬುದನ್ನೂ ಸರ್ಜನ್ ಪರೀಕ್ಷಿಸಲಿ. ಅಲ್ಲಿಯವರೆಗೆ ಡಿಪೋದಲ್ಲಿ ಹಗುರ ಕೆಲಸ ಕೊಡುವಂತೆ ಶಿಫಾರಸು ಪತ್ರ ಬರೆಸಿಕೊಳ್ಳಿ.

ನೋವು, ಸೋಂಕು ಅಥವಾ ಸಡಿಲಿಕೆ ಇಲ್ಲದಿದ್ದರೆ ಸ್ಕ್ರೂ ತೆಗೆಸುವ ಅಗತ್ಯವಿಲ್ಲ. ಅವು ಸಾಮಾನ್ಯವಾಗಿ ಟೈಟಾನಿಯಂನವು. ಮುಂದೆ ಎಂಆರ್‌ಐ ಮಾಡಿಸಲು ಅಡ್ಡಿಯಾಗುವುದಿಲ್ಲ. ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ, ಯಾವ ಲೋಹವೆಂದು ಬರೆದಿರುವ ಡಿಸ್ಚಾರ್ಜ್ ಕಾರ್ಡನ್ನು ಜೊತೆಗೆ ಒಯ್ಯಿರಿ.