ಫೇಲಾದ ಬೋರ್‌ಗೂ ತೆರಿಗೆ ರಿಯಾಯಿತಿ ಇದೆಯಾ?

ಓದುಗರ ತೆರಿಗೆ ಪ್ರಶ್ನೆಗಳಿಗೆ ತುಮಕೂರಿನ ಟ್ಯಾಕ್ಸ್ ಪ್ರಾಕ್ಟೀಷನರ್ ಒಬ್ಬರ ಉತ್ತರ

ಪ್ರಶ್ನೆ: ಸಾರ್, ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಹೋದ ವರ್ಷ ಮೂರು ಬೋರ್ ಕೊರೆಸಿದೆ, ಮೂರೂ ಫೇಲು. ಕೊನೆಯದು 1,150 ಅಡಿ. ನನ್ನ ತಂಗಿ ಮಗ ಬೆಂಗಳೂರಲ್ಲಿ ಆಡಿಟರ್ ಆಫೀಸಲ್ಲಿದ್ದಾನೆ. ‘ಎಣ್ಣೆ ಕಂಪನಿಯವರು ಬಾವಿ ಕೊರೆದು ಏನೂ ಸಿಗದಿದ್ದರೆ ಆ ಖರ್ಚನ್ನ ಟ್ಯಾಕ್ಸಲ್ಲಿ ಕಳೀತಾರೆ ಮಾವ’ ಅಂತಾನೆ. ನಿಜವೇ? ಹಾಗಿದ್ದರೆ ನಮಗೇಕಿಲ್ಲ? ಮಗನ ಹಾರ್ಡ್‌ವೇರ್ ಅಂಗಡಿ ಲೆಕ್ಕಕ್ಕೆ ಬೋರ್ ಬಿಲ್ ಸೇರಿಸಬಹುದೇ?
– ಗುಬ್ಬಿ ತಾಲ್ಲೂಕಿನ ಓದುಗರು (ಹೆಸರು ಬೇಡ ಎಂದಿದ್ದಾರೆ)

ಯಜಮಾನರೇ, ನಿಮ್ಮ ಅಳಿಯ ಹೇಳಿದ್ದು ನಿಜ.

ನಾನು ಶಿರಾ ಕಡೆಯವನು. 2003ರ ಬರದಲ್ಲಿ ನಮ್ಮಪ್ಪ ಬೋರ್ ಕೊರೆಸಿದರು. ಪಾಯಿಂಟ್ ಹಾಕಲು ಬಂದವನ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತ್ತು, ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ರಾತ್ರಿಯಿಡೀ ರಿಗ್ ಲಾರಿ ಕಿರುಚಿತು. ಬೆಳಗಿನ ಜಾವ ನಾಲ್ಕಾದರೂ ಬಿಳಿ ಧೂಳು ಬಿಟ್ಟು ಬೇರೇನೂ ಬರಲಿಲ್ಲ. ಅಪ್ಪ ಆ ಧೂಳನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ಹಿಂಡಿ ನೋಡಿದರು, ಪಸೆ ಏನಾದರೂ ಇದೆಯಾ ಅಂತ. ಆಮೇಲೆ ತೂತಿನ ಮೇಲೆ ಒಂದು ಚಪ್ಪಡಿ ಎಳೆಸಿದರು. ಎಷ್ಟೋ ವರ್ಷ ಅಮ್ಮ ಅದರ ಮೇಲೆ ಹುಣಸೆಹಣ್ಣು ಒಣಗಿಸಿದರು. ಅಷ್ಟು ದುಡ್ಡು ಸುರಿದ ಬೋರಿನಿಂದ ನಮ್ಮ ಮನೆಗೆ ಆದ ಉಪಯೋಗ ಅದೊಂದೇ.

ಎಣ್ಣೆ ಹುಡುಕುವವರ ಪಾಡೂ ಇದೇ, ಸೊನ್ನೆಗಳು ಮಾತ್ರ ಜಾಸ್ತಿ. ಆಳ ಸಮುದ್ರದಲ್ಲಿ ಒಂದೊಂದು ಬಾವಿಗೆ ನೂರಾರು ಕೋಟಿ ಹೋಗುವುದುಂಟು. ಆದರೂ ಯಾರಾದರೂ ಕೊರೆಯಲೇಬೇಕು. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ 85%ಗಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅದಕ್ಕೇ ‘ನೀವು ಕೊರೆಯಿರಿ, ಸೋತರೆ ಅದರಲ್ಲಿ ನಮಗೂ ಸ್ವಲ್ಪ ಪಾಲಿರಲಿ’ ಅಂತ ಸರ್ಕಾರ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 42ನೇ ಸೆಕ್ಷನ್ ಇಟ್ಟಿತು. (2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. ನನ್ನಂಥವರು ಈ ವಯಸ್ಸಲ್ಲಿ ಮತ್ತೆ ಮಗ್ಗಿ ಕಲಿಯಬೇಕು.)

ಸುಮ್ನೆ ಯಾರಿಗೂ ಸಿಗುವ ಸವಲತ್ತಲ್ಲ ಇದು. ಕಂಪನಿ ಕೇಂದ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿರಬೇಕು. ಆ ಒಪ್ಪಂದ ಸಂಸತ್ತಿನ ಮುಂದೆ ಬಂದಿರಬೇಕು, ಯಾವ ಖರ್ಚು ಕಳೆಯಬಹುದು ಅಂತ ಅದರಲ್ಲೇ ಬರೆದಿರಬೇಕು. ವ್ಯರ್ಥವಾದ ಹುಡುಕಾಟದ ಖರ್ಚು ಕಳೆಯಬೇಕಾದರೆ, ಉತ್ಪಾದನೆ ಶುರುವಾಗುವ ಮೊದಲೇ ಆ ಜಾಗವನ್ನು ವಾಪಸ್ ಒಪ್ಪಿಸಿರಬೇಕು. ಜಾಗವನ್ನೂ ಹಿಡಿದುಕೊಂಡು ‘ಫೇಲಾಯ್ತು’ ಅನ್ನುವಂತಿಲ್ಲ.

ಇನ್ನೊಂದು ಮಾತು. ಸರ್ಕಾರ ಬಾವಿಯ ಖರ್ಚನ್ನು ಪೂರ್ತಿ ವಾಪಸ್ ಕೊಡುತ್ತದೆ ಅಂತ ತಿಳಿಯಬೇಡಿ. 100 ರೂಪಾಯಿ ವ್ಯರ್ಥವಾಯಿತು ಅನ್ನಿ. ಲಾಭದಿಂದ ಆ 100 ಕಳೆದರೆ, ತೆರಿಗೆ ದರ 25% ಇದ್ದಲ್ಲಿ ಉಳಿತಾಯವಾಗುವ ತೆರಿಗೆ 25 ರೂಪಾಯಿ. ಬಾಕಿ 75 ಕಂಪನಿಯ ತಲೆ ಮೇಲೇ. ಅದೂ ಬೇರೆ ಕಡೆ ಲಾಭ ಇದ್ದರೆ ಮಾತ್ರ.

ಈಗ ನಿಮ್ಮ ವಿಷಯ. ಅಡಿಕೆ ತೋಟದ ಆದಾಯಕ್ಕೆ ನೀವು ಆದಾಯ ತೆರಿಗೆ ಕಟ್ಟುವುದೇ ಇಲ್ಲ. ಕಟ್ಟದ ತೆರಿಗೆಯಲ್ಲಿ ಕಳೆಯುವುದು ಏನನ್ನು? ಕೆರೆಯೇ ಇಲ್ಲದ ಕಡೆ ತೂಬು ಎತ್ತಿದ ಹಾಗಾಗುತ್ತದೆ. ಅಂಗಡಿ ಲೆಕ್ಕಕ್ಕೆ ಬೋರ್ ಬಿಲ್ ಖಂಡಿತ ಸೇರಿಸಬೇಡಿ. ತೆರಿಗೆ ಇಲ್ಲದ ಆದಾಯಕ್ಕೆ ಮಾಡಿದ ಖರ್ಚನ್ನು ತೆರಿಗೆ ಇರುವ ಆದಾಯದಿಂದ ಕಳೆಯುವಂತಿಲ್ಲ. ಹೀಗೆ ಸೇರಿಸಿ ನೋಟಿಸ್ ಹಿಡಿದುಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ಬಿಲ್ಲಿನಲ್ಲಿ ‘ಕೇಸಿಂಗ್ ಪೈಪ್’ ಅಂತಲೇ ಇತ್ತು, ಆದರೆ ಅವರದ್ದು ಬಟ್ಟೆ ಅಂಗಡಿ!

ರೈತರ ಕಡೆ ಸರ್ಕಾರದ ಸಹಾಯ ಬರುವುದು ತೆರಿಗೆ ದಾರಿಯಲ್ಲಿ ಅಲ್ಲ, ಗಂಗಾ ಕಲ್ಯಾಣದಂಥ ಯೋಜನೆಯ ದಾರಿಯಲ್ಲಿ. ಅದು ನಿಗದಿತ ಸಮುದಾಯಗಳ ಸಣ್ಣ ರೈತರಿಗೆ, ಆಯಾ ಅಭಿವೃದ್ಧಿ ನಿಗಮಗಳ ಮೂಲಕ. ನೀವು ಅದಕ್ಕೆ ಬರುತ್ತೀರಾ ಅಂತ ತಾಲ್ಲೂಕು ಕೇಂದ್ರದಲ್ಲಿ ವಿಚಾರಿಸಿ. ನಾಲ್ಕನೇ ಪಾಯಿಂಟ್ ಹಾಕಿಸುವ ಮೊದಲೇ ವಿಚಾರಿಸಿ.

ಪ್ರಶ್ನೆ: ಎಣ್ಣೆ ಸಿಕ್ಕ ಕಂಪನಿಗಳಿಗೂ ತೆರಿಗೆ ರಜೆ ಇತ್ತಂತೆ. ಗೆದ್ದವರಿಗೆ ಯಾಕೆ ಸಾರ್? ಬೇರೆ ದೇಶದಲ್ಲೂ ಹೀಗೇನಾ?
– ಬಿ.ಕಾಂ. ವಿದ್ಯಾರ್ಥಿನಿ, ತುಮಕೂರು

ಇತ್ತಮ್ಮ. 80-ಐಬಿ ಸೆಕ್ಷನ್ ಪ್ರಕಾರ ಉತ್ಪಾದನೆ ಶುರುವಾದ ಮೇಲೆ ಏಳು ವರ್ಷದ ಲಾಭ ಪೂರ್ತಿ ಮಾಫಿ. ಏಳು ವರ್ಷ ಯಾವುದಕ್ಕೆ ಅನ್ನುವುದರ ಮೇಲೇ ಜಗಳ ಎದ್ದಿತು. ‘ಒಂದೊಂದು ಬಾವಿಗೂ ಒಂದೊಂದು ರಜೆ’ ಅಂತ ಕಂಪನಿಗಳು. ‘ಇಡೀ ಬ್ಲಾಕಿಗೆ (ಹುಡುಕಲು ಕೊಟ್ಟ ಇಡೀ ಜಾಗಕ್ಕೆ) ಒಂದೇ ರಜೆ’ ಅಂತ ಸರ್ಕಾರ. 2009ರಲ್ಲಿ ಸರ್ಕಾರ ಕಾಯ್ದೆಯನ್ನೇ ತಿದ್ದಿ, ಅದನ್ನು ಹಿಂದಿನ ವರ್ಷಗಳಿಗೂ ಅನ್ವಯಿಸಿತು. ಆಟ ಮುಗಿದ ಮೇಲೆ ನಿಯಮ ಬರೆದ ಹಾಗೆ! ಗುಜರಾತ್ ಹೈಕೋರ್ಟ್ 2015ರಲ್ಲಿ ಆ ತಿದ್ದುಪಡಿಯನ್ನು ಹೊಡೆದುಹಾಕಿತು. 2017ರ ಏಪ್ರಿಲ್ 1ರಿಂದ ಈಚೆಗೆ ಉತ್ಪಾದನೆ ಶುರು ಮಾಡಿದವರಿಗೆ ಈ ರಜೆ ಇಲ್ಲ.

ಸೋತ ಬಾವಿಗೆ ಕೊಡುವ ರಿಯಾಯಿತಿಯನ್ನು ನಾನು ಒಪ್ಪುತ್ತೇನೆ. ಗೆದ್ದ ಬಾವಿಗೆ ಏಳು ವರ್ಷ ರಜೆ ಕೊಡುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎಣ್ಣೆ ಸಿಕ್ಕ ಮೇಲೆ ಯಾರಾದರೂ ಎತ್ತದೇ ಬಿಡುತ್ತಾರಾ? ರಾಜಸ್ಥಾನದ ಬಾಡಮೇರ್‌ನಲ್ಲಿ 2004ರಲ್ಲಿ ಎಣ್ಣೆ ಕಂಡಿತು, ಹೊರಗೆ ಬಂದದ್ದು 2009ರಲ್ಲಿ. ಮಧ್ಯದ ಐದು ವರ್ಷ ಬರೀ ಖರ್ಚು. ಕಷ್ಟದ ಕಾಲ ಅದು, ಕೈ ಹಿಡಿಯಬೇಕಾದ್ದೂ ಆಗಲೇ ಅಲ್ವಾ?

ಅಮೆರಿಕದಲ್ಲಿ ಕೊರೆಯುವ ಕೂಲಿ, ಇಂಧನದಂಥ ಖರ್ಚನ್ನು ಕಳೆಯಲು ಬಿಡುವ ಪದ್ಧತಿ 1913ರಷ್ಟು ಹಳೆಯದು. ನಾರ್ವೆಯವರು ಎಣ್ಣೆಯ ಲಾಭಕ್ಕೆ 78% ತೆರಿಗೆ ಹಾಕುತ್ತಾರೆ. ಆದರೆ 2005ರಲ್ಲಿ ಅವರೇ, ಇನ್ನೂ ಲಾಭ ಕಾಣದ ಕಂಪನಿಗೂ ಹುಡುಕಾಟದ ಖರ್ಚಿನಲ್ಲಿ ತೆರಿಗೆಯ ಪಾಲಿನಷ್ಟನ್ನು ನಗದಾಗಿ ವಾಪಸ್ ಕೊಡಲು ಶುರು ಮಾಡಿದರು. 2022ರಲ್ಲಿ ಆ ಪದ್ಧತಿ ಬದಲಾಯಿತು. ಅಲ್ಲಿಯವರೆಗೆ, ನಾನು ಮೇಲೆ ಹೇಳಿದ 25 ರೂಪಾಯಿ ಅಲ್ಲಿ 78 ಆಗುತ್ತಿತ್ತು, ಲೆಕ್ಕ ಹಾಕಿ ನೋಡು.

ಪ್ರಶ್ನೆ: ನಮ್ಮ ಹೊಸ ಬೋರ್ ನೀರು ಸೀಮೆಎಣ್ಣೆ ವಾಸನೆ ಬರುತ್ತಿದೆ. ಕೆಳಗೆ ಎಣ್ಣೆ ಇರಬಹುದೇ?
– ಕೊರಟಗೆರೆ ಓದುಗರು

ಇಲ್ಲ. ಎಣ್ಣೆ ಸಿಗುವುದು ಹೂಳು ಪದರ ಪದರವಾಗಿ ಕೂತು ಕಲ್ಲಾದ ಕಡೆ. ನಮ್ಮ ಕಡೆ ಕೆಳಗಿರುವುದು ಗ್ರಾನೈಟ್, ನೈಸ್‌ನಂಥ ಬಲು ಹಳೆಯ ಗಟ್ಟಿ ಬಂಡೆ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿತ್ತು. 2001ರಲ್ಲಿ ಮುಚ್ಚುವವರೆಗೂ ಅಲ್ಲಿಂದ ಚಿನ್ನ ತೆಗೆದರೇ ಹೊರತು ಎಣ್ಣೆಯನ್ನಲ್ಲ. ರಿಗ್ಗಿನ ಡೀಸೆಲ್ಲೋ ಗ್ರೀಸೋ ಒಳಗೆ ಬಿದ್ದಿರಬಹುದು, ಇಲ್ಲವೇ ಹತ್ತಿರದ ಪೆಟ್ರೋಲ್ ಬಂಕಿನ ಟ್ಯಾಂಕ್ ಸೋರುತ್ತಿರಬಹುದು. ನೀರನ್ನು ಪರೀಕ್ಷೆಗೆ ಕೊಡಿ. ವರದಿ ಬರುವವರೆಗೆ ಹಸುವಿಗೂ ಕುಡಿಸಬೇಡಿ, ಬೋರ್ ಹತ್ತಿರ ಬೀಡಿಯನ್ನೂ ಹಚ್ಚಬೇಡಿ.