ಓಪನ್ ಸೋರ್ಸ್ ಯೋಜನೆಯ ಡಾಕ್ಯುಮೆಂಟೇಶನ್ ತಾಣವನ್ನು ನನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿದರೆ ಪುಟಗಳು ಖಾಲಿ ಬರುವುದೇಕೆ?

ಪೈಥಾನ್ ಲೈಬ್ರರಿಯೊಂದರ ಡಾಕ್ಯುಮೆಂಟೇಶನ್‌ನಲ್ಲಿ ಒಂದು ಪುಟವನ್ನು ತಿದ್ದಿದ್ದೀರಿ. ಅದನ್ನು ಯೋಜನೆಗೆ ಕಳುಹಿಸುವ ಮೊದಲು ತಾಣದಲ್ಲಿ ಹೇಗೆ ಕಾಣುತ್ತದೆ ಎಂದು ನೋಡಿಕೊಳ್ಳುವ ಉದ್ದೇಶ ನಿಮ್ಮದು. ಅದಕ್ಕಾಗಿ ಪಠ್ಯ ಕಡತಗಳಿಂದ ತಾಣದ ಪುಟಗಳನ್ನು ಸಿದ್ಧಪಡಿಸುವ ಸ್ಫಿಂಕ್ಸ್ ಎಂಬ ಸಲಕರಣೆಯನ್ನು ಓಡಿಸಬೇಕು, ಇದನ್ನೇ ಬಿಲ್ಡ್ ಎನ್ನುವುದು. ‘ಮೇಕ್ ಎಚ್‌ಟಿಎಂಎಲ್’ ಆದೇಶ ಕೊಟ್ಟಾಗ ಥೀಮ್ (ಪುಟಗಳಿಗೆ ರೂಪ ಕೊಡುವ ಪ್ಯಾಕೇಜ್) ಸಿಗಲಿಲ್ಲವೆಂಬ ದೋಷ ಬಂದಿತೆಂದೂ, ಬೇಕೆನಿಸಿದ ಪ್ಯಾಕೇಜ್‌ಗಳನ್ನು ಪೈಥಾನ್‌ನ ಇನ್‌ಸ್ಟಾಲ್ ಸಾಧನವಾದ ಪಿಪ್ ಮೂಲಕ ಒಂದೊಂದಾಗಿ ಹಾಕಿಕೊಂಡ ಮೇಲೆ ಬಿಲ್ಡ್ ಮುಗಿದರೂ ಫಂಕ್ಷನ್‌ಗಳ ವಿವರಣೆಯ ಪುಟಗಳು ಖಾಲಿಯಾಗಿವೆಯೆಂದೂ, ಜೊತೆಗೆ ಟರ್ಮಿನಲ್ ತುಂಬ ಎಚ್ಚರಿಕೆಗಳಿವೆಯೆಂದೂ ಬರೆದಿದ್ದೀರಿ. ಇವು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಬಹುಮಟ್ಟಿಗೆ ಇವುಗಳ ಮೂಲ ಒಂದೇ. ಯೋಜನೆಯವರು ತಮ್ಮ ತಾಣವನ್ನು ಯಾವ ಪರಿಸರದಲ್ಲಿ ಬಿಲ್ಡ್ ಮಾಡುತ್ತಾರೋ ಆ ಪರಿಸರ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ.

ಆ ಪರಿಸರ ಎಂಥದ್ದು ಎಂಬುದನ್ನು ಊಹಿಸಬೇಕಾಗಿಲ್ಲ, ಅದು ಯೋಜನೆಯ ಕಡತಗಳೆಲ್ಲ ಇರುವ ರೆಪಾಸಿಟರಿಯಲ್ಲೇ ಬರೆದಿರುತ್ತದೆ. ಹೊಸ ಯೋಜನೆಯೊಂದರ ಡಾಕ್ಯುಮೆಂಟೇಶನ್‌ಗೆ ಕೈ ಹಾಕುವಾಗ ನಾನು ಮೊದಲು ಓದುವುದು ರೀಡ್‌ಮಿ ಕಡತವನ್ನಲ್ಲ, ತಾಣವನ್ನು ನಿಜವಾಗಿ ಬಿಲ್ಡ್ ಮಾಡುವ ಯಂತ್ರ ಯಾವ ಕಡತವನ್ನು ಓದುತ್ತದೆಯೋ ಅದನ್ನು. ತಾಣ ರೀಡ್ ದ ಡಾಕ್ಸ್ ಎಂಬ ಡಾಕ್ಯುಮೆಂಟೇಶನ್ ಸೇವೆಯಲ್ಲಿದ್ದರೆ ರೆಪಾಸಿಟರಿಯ ಬೇರಿನಲ್ಲಿ, ಎಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಲ್ಲಿ, ಅದೇ ಹೆಸರಿನ ವೈಎಎಂಎಲ್ (ಸಂರಚನೆಯ) ಕಡತವಿರುತ್ತದೆ. ಹೆಸರು ಚುಕ್ಕಿಯಿಂದ ಆರಂಭವಾಗುವುದರಿಂದ ಕಡತಗಳ ಸಾಮಾನ್ಯ ಪಟ್ಟಿಯಲ್ಲಿ ಅದು ಕಾಣಿಸದೆ ಹೋಗಬಹುದು. ಪೈಥಾನ್‌ನ ಯಾವ ಆವೃತ್ತಿ ಬೇಕು, ಅಗತ್ಯ ಪ್ಯಾಕೇಜ್‌ಗಳ ಪಟ್ಟಿ ಯಾವ ಕಡತದಲ್ಲಿದೆ, ಲೈಬ್ರರಿಯನ್ನೂ ಇನ್‌ಸ್ಟಾಲ್ ಮಾಡಬೇಕೇ ಎಂಬುದೆಲ್ಲ ಅದರಲ್ಲಿರುತ್ತದೆ. ತಾಣವನ್ನು ಗಿಟ್‌ಹಬ್‌ನ ಸ್ವಯಂಚಾಲನಾ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್ ಬಿಲ್ಡ್ ಮಾಡುತ್ತಿದ್ದರೆ ಇದೇ ಮಾಹಿತಿ ವರ್ಕ್‌ಫ್ಲೋಗಳ ಫೋಲ್ಡರ್‌ನಲ್ಲಿ ಸಿಗುತ್ತದೆ. ರೀಡ್‌ಮಿಯಲ್ಲಿರುವ ಸೂಚನೆ ಹಳೆಯದಾಗಿದ್ದರೆ ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಉಳಿದುಬಿಡಬಹುದು. ಬಿಲ್ಡ್ ಯಂತ್ರ ಓದುವ ಕಡತ ತಪ್ಪಾದರೆ ತಾಣವೇ ಹೊಸದಾಗುವುದಿಲ್ಲ, ಆದ್ದರಿಂದ ಇದನ್ನು ನಂಬಬಹುದು.

ಇನ್ನು ಥೀಮ್‌ನ ದೋಷ. ಪ್ಯಾಕೇಜ್‌ಗಳನ್ನು ಕಂಪ್ಯೂಟರಿನ ಮುಖ್ಯ ಪೈಥಾನ್‌ಗೆ ಹಾಕಬೇಡಿ. ಡೆಬಿಯನ್ ಲಿನಕ್ಸ್‌ನಲ್ಲಿ 12ನೇ ಆವೃತ್ತಿಯಿಂದೀಚೆಗೆ ಪಿಪ್ ಅದಕ್ಕೆ ಒಪ್ಪುವುದೂ ಇಲ್ಲ. ಪೈಥಾನ್‌ನೊಂದಿಗೇ ಬರುವ ‘ವೆನ್ವ್’ ಮಾಡ್ಯೂಲ್‌ನಿಂದ ಈ ಯೋಜನೆಗೆಂದೇ ಒಂದು ಪ್ರತ್ಯೇಕ ಪರಿಸರವನ್ನು ಮಾಡಿಕೊಂಡು, ಅದನ್ನು ಸಕ್ರಿಯಗೊಳಿಸಿ, ಮೇಲೆ ಹೇಳಿದ ಪಟ್ಟಿಯನ್ನು ಅದರೊಳಕ್ಕೆ ಹಾಕಿ. ಪಟ್ಟಿಯಲ್ಲಿ ಆವೃತ್ತಿಯ ಸಂಖ್ಯೆಗಳಿದ್ದರೆ ಅವನ್ನು ಹಾಗೆಯೇ ಪಾಲಿಸಿ. 2022ರ ಮಾರ್ಚ್‌ನಲ್ಲಿ, ಸ್ಫಿಂಕ್ಸ್ ಪುಟಗಳ ಅಚ್ಚಿಗೆ ಬಳಸುವ ಜಿಂಜಾ ಎಂಬ ಪ್ಯಾಕೇಜ್‌ನ 3.1 ಆವೃತ್ತಿ ಹೊರಬಂದಾಗ ಅದು ಕೆಲವು ಹಳೆಯ ಹೆಸರುಗಳನ್ನು ಕೈಬಿಟ್ಟಿತ್ತು, ಅವನ್ನೇ ನಂಬಿದ್ದ ಸ್ಫಿಂಕ್ಸ್‌ನ ಹಿಂದಿನ ಆವೃತ್ತಿಗಳು ಆರಂಭವಾಗುವ ಮೊದಲೇ ನಿಂತುಹೋದವು. ಪ್ಯಾಕೇಜ್‌ಗಳನ್ನು ಒಂದೊಂದಾಗಿ, ಸಿಕ್ಕ ಇತ್ತೀಚಿನ ಆವೃತ್ತಿಯಲ್ಲಿ ಹಾಕಿಕೊಂಡರೆ ಎದುರಾಗುವುದು ಇಂಥ ಹೊಂದಾಣಿಕೆಯ ಕೊರತೆಯೇ. ಥೀಮನ್ನು ಹಾಕಿಕೊಂಡ ಮೇಲೂ ಅದು ಸಿಗಲಿಲ್ಲವೆಂಬ ಸಂದೇಶ ಬರುತ್ತಿದ್ದರೆ, ಓಡುತ್ತಿರುವುದು ಬೇರೊಂದು ಸ್ಫಿಂಕ್ಸ್ ಎಂದು ತಿಳಿಯಿರಿ: ‘ಮೇಕ್’ ಓದುವ ಸೂಚನೆಗಳ ಕಡತವಾದ ಮೇಕ್‌ಫೈಲ್ ಸಾಮಾನ್ಯವಾಗಿ ‘ಸ್ಫಿಂಕ್ಸ್-ಬಿಲ್ಡ್’ ಎಂಬ ಹೆಸರನ್ನಷ್ಟೇ ಕರೆಯುತ್ತದೆ, ಪರಿಸರ ಸಕ್ರಿಯವಾಗಿಲ್ಲದಿದ್ದರೆ ಆ ಹೆಸರಿಗೆ ಓಗೊಡುವುದು ಮುಖ್ಯ ಪೈಥಾನ್‌ನಲ್ಲಿರುವ ಸ್ಫಿಂಕ್ಸ್. ಅದು ತನ್ನ ಪ್ಯಾಕೇಜ್‌ಗಳ ನಡುವೆ ಮಾತ್ರ ಥೀಮನ್ನು ಹುಡುಕುತ್ತದೆ.

ಖಾಲಿ ಪುಟಗಳ ವಿಷಯ ಹೆಚ್ಚು ಗಮನಿಸಬೇಕಾದದ್ದು. ಸ್ಫಿಂಕ್ಸ್ 2008ರಲ್ಲಿ ಹೊರಬಂದದ್ದು ಪೈಥಾನ್ ಭಾಷೆಯ ಡಾಕ್ಯುಮೆಂಟೇಶನ್‌ಗಾಗಿ, ಮತ್ತು ಆ ಡಾಕ್ಯುಮೆಂಟೇಶನ್‌ನ ಪುಟಗಳನ್ನು ಇಂದಿಗೂ ಜನರೇ ಬರೆಯುತ್ತಾರೆ. ಆದ್ದರಿಂದಲೇ ಪೈಥಾನ್ ಭಾಷೆಯದೇ ಮೂಲ ಕಡತಗಳಿರುವ ಸಿಪೈಥಾನ್ ರೆಪಾಸಿಟರಿಯ ‘ಡಾಕ್’ ಫೋಲ್ಡರ್‌ಗೆ ಹೋಗಿ ‘ಮೇಕ್ ವೆನ್ವ್’, ಅನಂತರ ‘ಮೇಕ್ ಎಚ್‌ಟಿಎಂಎಲ್’ ಎಂದರೆ ಸಾಕು. ಪೈಥಾನ್ ಅನ್ನು ಕಂಪೈಲ್ ಮಾಡದೆಯೇ ಇಡೀ ತಾಣ ಸಿದ್ಧವಾಗುತ್ತದೆ. ನಿಮ್ಮ ಲೈಬ್ರರಿಯದು ಬೇರೆ ಬಗೆ. ಅದು ‘ಆಟೋಡಾಕ್’ ಎಂಬ ವಿಸ್ತರಣೆಯನ್ನು ಬಳಸುತ್ತಿರುವಂತಿದೆ. ಆಟೋಡಾಕ್ ಮೂಲ ಕಡತವನ್ನು ಬರಿಯ ಪಠ್ಯವಾಗಿ ಓದುವುದಿಲ್ಲ. ಲೈಬ್ರರಿಯನ್ನು ನಿಜವಾಗಿಯೂ ಇಂಪೋರ್ಟ್ ಮಾಡಿ, ಹಾಗೆ ಸಿಕ್ಕ ಫಂಕ್ಷನ್‌ಗಳ ಡಾಕ್‌ಸ್ಟ್ರಿಂಗ್‌ಗಳನ್ನು (ಕೋಡ್‌ನೊಳಗೇ ಬರೆದ ವಿವರಣೆಗಳನ್ನು) ಪುಟಕ್ಕೆ ತರುತ್ತದೆ. ಇಂಪೋರ್ಟ್ ವಿಫಲವಾದರೆ ಬಿಲ್ಡ್ ನಿಲ್ಲುವುದಿಲ್ಲ, ಒಂದು ಎಚ್ಚರಿಕೆಯನ್ನು ಮುದ್ರಿಸಿ ಆ ಜಾಗವನ್ನು ಖಾಲಿ ಬಿಟ್ಟು ಮುಂದುವರಿಯುತ್ತದೆ. ನಿಮಗೆ ಕಂಡಿರುವುದು ಇದೇ ಇರಬೇಕು. ಎಚ್ಚರಿಕೆಗಳಲ್ಲಿ ‘ಆಟೋಡಾಕ್’ ಎಂಬ ಪದವನ್ನು ಹುಡುಕಿದರೆ ಯಾವ ಮಾಡ್ಯೂಲ್ ಸಿಗದೆ ಹೋಯಿತೆಂಬುದು ಅಲ್ಲೇ ಗೊತ್ತಾಗುತ್ತದೆ.

ಪರಿಹಾರವೆಂದರೆ ಲೈಬ್ರರಿಯನ್ನು ನಿಮ್ಮ ಪ್ರತಿಯಿಂದಲೇ, ತಿದ್ದಬಹುದಾದ ಸ್ಥಿತಿಯಲ್ಲಿ ಇನ್‌ಸ್ಟಾಲ್ ಮಾಡುವುದು: ರೆಪಾಸಿಟರಿಯ ಬೇರಿನಲ್ಲಿ ನಿಂತು ‘ಪಿಪ್ ಇನ್‌ಸ್ಟಾಲ್’ ಆದೇಶಕ್ಕೆ ಇ ಎಂಬ ಆಯ್ಕೆಯನ್ನೂ, ಪ್ರಸ್ತುತ ಫೋಲ್ಡರನ್ನು ಸೂಚಿಸುವ ಚುಕ್ಕಿಯನ್ನೂ ಸೇರಿಸಿ. ಅದೇ ಲೈಬ್ರರಿಯ ಬಿಡುಗಡೆಯಾದ ಆವೃತ್ತಿಯನ್ನು ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಸಂಗ್ರಹವಾದ ಪೈಪಿಐಯಿಂದ ತಂದು ಹಾಕಿದರೆ ಪುಟಗಳೇನೋ ತುಂಬಿಕೊಳ್ಳುತ್ತವೆ, ಆದರೆ ನೀವು ತಿದ್ದಿದ ಡಾಕ್‌ಸ್ಟ್ರಿಂಗ್ ಬದಲು ಹಳೆಯದೇ ಕಾಣಿಸಬಹುದು. ದೋಷ ಸಂದೇಶವೇ ಇಲ್ಲದಿರುವುದರಿಂದ ಇದನ್ನು ಪತ್ತೆಹಚ್ಚುವುದು ಖಾಲಿ ಪುಟಕ್ಕಿಂತ ಕಷ್ಟ. ನಂಪೈಯಂತಹ ಲೈಬ್ರರಿಗಳಲ್ಲಿ ಸಿ ಭಾಷೆಯ ಭಾಗಗಳಿರುವುದರಿಂದ ಅವನ್ನು ಕಂಪೈಲ್ ಮಾಡದೆ ಇಂಪೋರ್ಟ್ ಸಾಧ್ಯವಿಲ್ಲ. ನಂಪೈಯಲ್ಲಿ ‘ಸ್ಪಿನ್ ಡಾಕ್ಸ್’ ಎಂಬ ಆದೇಶ ಕಂಪೈಲ್ ಮತ್ತು ಡಾಕ್ಯುಮೆಂಟೇಶನ್ ಬಿಲ್ಡ್ ಎರಡನ್ನೂ ಜೊತೆಗೇ ನೋಡಿಕೊಳ್ಳುತ್ತದೆ.

ನೀವು ತಿದ್ದಿದ್ದು ತಾಣದ ಪುಟಗಳ ಸೂಚಿಯನ್ನಾಗಿದ್ದರೆ, ಅಥವಾ ಹೊಸ ಪುಟ ಸೇರಿಸಿದ್ದರೆ, ಕೊನೆಯ ಬಿಲ್ಡ್‌ಗೆ ಮೊದಲು, ಹಿಂದಿನ ಬಿಲ್ಡ್‌ನ ಕಡತಗಳನ್ನು ಅಳಿಸುವ ‘ಮೇಕ್ ಕ್ಲೀನ್’ ಆದೇಶ ಕೊಡಿ. ಸಮಯ ಉಳಿಸಲು ಸ್ಫಿಂಕ್ಸ್ ಬದಲಾದ ಕಡತಗಳನ್ನು ಮಾತ್ರ ಮತ್ತೆ ಓದುತ್ತದೆ, ಹೀಗಾಗಿ ಉಳಿದ ಪುಟಗಳ ಪಕ್ಕದ ಪಟ್ಟಿಯಲ್ಲಿ ನಿಮ್ಮ ಹೊಸ ಪುಟದ ಹೆಸರು ಬಾರದಿರಬಹುದು. ಸಿದ್ಧವಾದ ಪುಟಗಳನ್ನು ಫೋಲ್ಡರ್‌ನಿಂದ ನೇರವಾಗಿ ತೆರೆದರೂ ಬಹುಪಾಲು ಸರಿಯಾಗಿಯೇ ಕಾಣುತ್ತವೆ. ಆದರೆ ಹಾಗೆ ತೆರೆದಾಗ ಬ್ರೌಸರ್ ಕೆಲವು ಕೋರಿಕೆಗಳನ್ನು ತಡೆಯುವುದರಿಂದ, ಪೈಥಾನ್‌ನಲ್ಲೇ ಇರುವ ಎಚ್‌ಟಿಟಿಪಿ ಸರ್ವರ್ ಅನ್ನು ಆ ಫೋಲ್ಡರ್‌ನಲ್ಲಿ ಓಡಿಸಿ 8000ನೇ ಪೋರ್ಟ್‌ನಲ್ಲಿ ನೋಡುವುದನ್ನು ನಾನು ಇಷ್ಟಪಡುತ್ತೇನೆ.

ತಾಣ ಸ್ಫಿಂಕ್ಸ್ ಬದಲು ಅಂಥದ್ದೇ ಬೇರೆ ಸಲಕರಣೆಯನ್ನು ಬಳಸುತ್ತಿದ್ದರೂ ಹುಡುಕುವ ವಿಧಾನ ಇದೇ, ಕಡತಗಳಷ್ಟೇ ಬೇರೆ: ಎಂಕೆಡಾಕ್ಸ್‌ಗೆ ಅದರ ಹೆಸರಿನದೇ ವೈಎಎಂಎಲ್ ಕಡತ, ಜೆಕಿಲ್‌ಗೆ ಜೆಮ್‌ಫೈಲ್, ಡಾಕ್ಯುಸಾರಸ್‌ಗೆ ಪ್ಯಾಕೇಜ್ ಜೇಸನ್. ಹ್ಯೂಗೋದಲ್ಲಿ ಥೀಮ್ ಗಿಟ್‌ನ ಸಬ್‌ಮಾಡ್ಯೂಲ್ (ಒಳಗೆ ಜೋಡಿಸಿದ ಇನ್ನೊಂದು ರೆಪಾಸಿಟರಿ) ಆಗಿದ್ದರೆ ಅದನ್ನು ಪ್ರತ್ಯೇಕವಾಗಿ ತರಿಸಿಕೊಳ್ಳಬೇಕು.

ಲೈಬ್ರರಿ ಸರಿಯಾಗಿ ಇಂಪೋರ್ಟ್ ಆದ ಮೇಲೆ ಎಚ್ಚರಿಕೆಗಳು ಬಹಳಷ್ಟು ಕಡಿಮೆಯಾಗುತ್ತವೆ, ಪೂರ್ತಿ ಇಲ್ಲವಾಗುತ್ತವೆ ಎಂದೇನಿಲ್ಲ. ನಿಮ್ಮ ತಿದ್ದುಪಡಿ ಇಲ್ಲದ ಮುಖ್ಯ ಶಾಖೆಯನ್ನೊಮ್ಮೆ, ಇರುವ ಶಾಖೆಯನ್ನೊಮ್ಮೆ ಮೊದಲಿನಿಂದ ಬಿಲ್ಡ್ ಮಾಡಿ ಎಚ್ಚರಿಕೆಗಳನ್ನು ಹೋಲಿಸಿ ನೋಡಿ; ಹೊಸದಾಗಿ ಬಂದವು ಮಾತ್ರ ನಿಮ್ಮ ಹೊಣೆ. ಯೋಜನೆಯ ಪರೀಕ್ಷಾ ಯಂತ್ರ ಪ್ರತಿಯೊಂದು ಎಚ್ಚರಿಕೆಯನ್ನೂ ದೋಷವೆಂದೇ ಎಣಿಸುವಂತೆ ದೊಡ್ಡಕ್ಷರದ ಡಬ್ಲ್ಯೂ ಆಯ್ಕೆಯನ್ನು ಬಳಸುತ್ತಿದ್ದರೆ ನೀವೂ ಅದನ್ನೇ ಬಳಸಿ. ಮೊದಲಿನಿಂದಲೂ ಇದ್ದ ಎಚ್ಚರಿಕೆಗಳನ್ನು ಸರಿಪಡಿಸುವ ಮನಸ್ಸಿದ್ದರೆ ಅವನ್ನು ಬೇರೆಯೇ ಪುಲ್ ರಿಕ್ವೆಸ್ಟ್ ಆಗಿ ಕಳುಹಿಸಿ; ನಿಮ್ಮ ಪುಟದ ತಿದ್ದುಪಡಿಯನ್ನು ಪರಿಶೀಲಿಸುವವರು ಆಗ ಆ ಪುಟವೊಂದನ್ನೇ ಓದಿ ನಿರ್ಧರಿಸಬಹುದು.