ಗರ್ಭಕಂಠದ ಕ್ಯಾನ್ಸರ್‌ಗೆ ವೈರಸ್ ಕಾರಣ ಅಂತ ಕಂಡುಹಿಡಿದವರು ಯಾರು? ಲಸಿಕೆ ಮಾಡಿದ್ದೂ ಅವರೇನಾ? ನೊಬೆಲ್ ಸಿಕ್ಕ ಮೇಲೆ ಅವರು ಏನು ಮಾಡಿದರು?

ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ, ಜರ್ಮನಿಯ ಹರಾಲ್ಡ್ ಜುರ್ ಹೌಸೆನ್. ಎರಡನೆಯದಕ್ಕೆ, ಅಲ್ಲ, ಲಸಿಕೆ ಬೇರೆಯವರದು. ಮೂರನೆಯದನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ಮೊದಲಿನ ಕಥೆ ಗೊತ್ತಿಲ್ಲದಿದ್ದರೆ ಅದರ ಮಜಾ ಗೊತ್ತಾಗುವುದಿಲ್ಲ.

ನಾನು ವಿಜ್ಞಾನಿ ಅಲ್ಲ. ಹದಿನಾರು ವರ್ಷದಿಂದ ಒಂದು ಪ್ಯಾಥಾಲಜಿ ಲ್ಯಾಬ್‌ನಲ್ಲಿ ಪ್ಯಾಪ್ ಸ್ಮಿಯರ್ ಸ್ಲೈಡ್ ನೋಡುವ ಕೆಲಸ ಮಾಡುತ್ತಿದ್ದೇನೆ. ಗರ್ಭಕೋಶದ ಬಾಯಿಯಿಂದ ಸವರಿ ತೆಗೆದ ಜೀವಕೋಶ ಗಾಜಿನ ಮೇಲೆ ಬರುತ್ತದೆ, ಬಣ್ಣ ಹಾಕುತ್ತೇವೆ, ಮೈಕ್ರೋಸ್ಕೋಪಿನಲ್ಲಿ ಈ ತುದಿಯಿಂದ ಆ ತುದಿವರೆಗೆ ನೋಡುತ್ತೇವೆ. ಕೆಲವು ಸ್ಲೈಡಿನಲ್ಲಿ ಒಂದು ಥರದ ಕೋಶ ಸಿಗುತ್ತದೆ. ನ್ಯೂಕ್ಲಿಯಸ್ ಒಣದ್ರಾಕ್ಷಿ ಹಾಗೆ ಸುಕ್ಕು, ಅದರ ಸುತ್ತ ಖಾಲಿ ಬಿಳಿ ಬಳೆ. ಕೊಯ್ಲೋಸೈಟ್ ಅಂತಾರೆ. ಸೇರಿದ ಹೊಸದರಲ್ಲಿ ನಮ್ಮ ಸೀನಿಯರ್ ಮೇಡಂ ಅದನ್ನು ತೋರಿಸಿ "ಇದು ಎಚ್‌ಪಿವಿ ಗುರುತು ಕಣಮ್ಮಾ, ನರಹುಲಿ ವೈರಸ್ಸಿನ ಬಳಗ" ಅಂದರು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಊರಲ್ಲಿ ನರಹುಲಿಗೆ ಸುಣ್ಣ ಹಚ್ಚುತ್ತಿದ್ದರು, ಕುದುರೆ ಬಾಲದ ಕೂದಲು ಕಟ್ಟುತ್ತಿದ್ದರು. ಅದಕ್ಕೂ ಕ್ಯಾನ್ಸರ್‌ಗೂ ಎಲ್ಲಿಯ ನಂಟು?

ಜುರ್ ಹೌಸೆನ್‌ರನ್ನು 1970ರ ದಶಕದ ದೊಡ್ಡ ದೊಡ್ಡ ವೈದ್ಯರೂ ಇದನ್ನೇ ಕೇಳಿದ್ದರು, ಇಷ್ಟು ನಯವಾಗಿ ಅಲ್ಲ.

ಅವರು ಹುಟ್ಟಿದ್ದು 1936ರಲ್ಲಿ, ಕಲ್ಲಿದ್ದಲು ಗಣಿಗಳ ಊರು ಗೆಲ್ಸೆನ್‌ಕಿರ್ಷೆನ್‌ನಲ್ಲಿ. ವೈದ್ಯಕೀಯ ಓದಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈರಸ್ ಕೆಲಸ ಕಲಿತು, ವಾಪಸ್ ಜರ್ಮನಿಗೆ ಬಂದರು. ಒಂದು ವೈರಸ್ಸಿನ ಡಿಎನ್‌ಎ ಕ್ಯಾನ್ಸರ್ ಕೋಶದೊಳಗೆ ಅಡಗಿ ಕೂತಿರಬಹುದು ಎಂಬುದನ್ನು ಎಪ್ಸ್ಟೀನ್-ಬಾರ್ ವೈರಸ್ಸಿನಲ್ಲಿ ಆಗಲೇ ತೋರಿಸಿಕೊಟ್ಟಿದ್ದರು. ಮುಂದಿನ ಗುರಿ ಗರ್ಭಕಂಠದ ಕ್ಯಾನ್ಸರ್. ಇದು ಹೇಗೋ ಅಂಟಿಕೊಳ್ಳುವ ರೋಗ ಇರಬೇಕು ಎಂಬ ಅನುಮಾನ ಬಹಳ ಹಳೆಯದು. 1842ರಲ್ಲೇ ರಿಗೋನಿ ಸ್ಟರ್ನ್ ಎಂಬ ಇಟಲಿಯ ವೈದ್ಯರು ವೆರೋನಾದ ಸಾವಿನ ಲೆಕ್ಕ ನೋಡಿ, ಮದುವೆಯಾದ ಹೆಂಗಸರಲ್ಲಿ ಬರುವ ಈ ರೋಗ ಸನ್ಯಾಸಿನಿಯರಲ್ಲಿ ಬಹಳ ಅಪರೂಪ ಅಂತ ಬರೆದಿದ್ದರು. ಹಾಗಾದರೆ ಅಂಟಿಸುವವರು ಯಾರು? 70ರ ದಶಕದಲ್ಲಿ ಎಲ್ಲರ ಬೆರಳೂ ಗುಪ್ತಾಂಗದಲ್ಲಿ ನೀರ್ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಕಡೆಗೆ.

ಜುರ್ ಹೌಸೆನ್ ಕ್ಯಾನ್ಸರ್ ತುಂಡುಗಳಲ್ಲಿ ಹರ್ಪಿಸ್ ಹುಡುಕಿದರು. ಸಿಗಲಿಲ್ಲ. ಮತ್ತೆ ಹುಡುಕಿದರು, ಸಿಗಲಿಲ್ಲ. 1974ರಲ್ಲಿ ಫ್ಲಾರಿಡಾದ ಕೀ ಬಿಸ್ಕೇನ್‌ನಲ್ಲಿ ನಡೆದ ಸಭೆಯಲ್ಲಿ ಎದ್ದು ನಿಂತು, ನಮಗೆ ಹರ್ಪಿಸ್ ಕಾಣಲಿಲ್ಲ ಅಂದರು. ಸಭೆಗೆ ಸಭೆಯೇ ಮೌನ. ನಿಮ್ಮ ಪರೀಕ್ಷೆಯಲ್ಲೇ ಏನೋ ಐಬಿದೆ ಅಂತ ಅಲ್ಲಿ ಕೂತಿದ್ದವರ ಅಭಿಪ್ರಾಯ. ಸುಮ್ನೆ ಎಲ್ಲರ ಜೊತೆ ಹರ್ಪಿಸ್ ಅಂತ ಹೇಳಿಕೊಂಡು ಇದ್ದಿದ್ದರೆ ಯಾವ ತಲೆಬಿಸಿಯೂ ಇರುತ್ತಿರಲಿಲ್ಲ ಅಲ್ವಾ?

ಅವರ ತಲೆಯಲ್ಲಿ ಇದ್ದದ್ದು ನರಹುಲಿ. ಗುಪ್ತಾಂಗದ ನರಹುಲಿ ಅಪರೂಪಕ್ಕೆ ಕ್ಯಾನ್ಸರ್ ಆಗಿ ತಿರುಗಿದ ವರದಿಗಳು ಹಳೆಯ ವೈದ್ಯಕೀಯ ಪತ್ರಿಕೆಗಳಲ್ಲಿ ಅಲ್ಲಿ ಇಲ್ಲಿ ಬಿದ್ದಿದ್ದವು. ಕಾಡು ಮೊಲಗಳ ನರಹುಲಿಯೂ ಹೀಗೆ ತಿರುಗುವುದು 1930ರ ದಶಕದಿಂದ ಗೊತ್ತಿತ್ತು. ಸರಿ, ಅಂಗಾಲಿನ ನರಹುಲಿಗಳಿಂದ ವೈರಸ್ ತೆಗೆದು, ಅದರ ಡಿಎನ್‌ಎ ಕ್ಯಾನ್ಸರ್ ತುಂಡಿನಲ್ಲಿ ಇದೆಯಾ ನೋಡಿದರು. ಇರಲಿಲ್ಲ!

ನನಗೆ ಇಡೀ ಕಥೆಯಲ್ಲಿ ಇಷ್ಟ ಆಗುವುದು ಇದೇ ಜಾಗ. ಬೇರೆಯವರಾಗಿದ್ದರೆ ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದರು. ಅವರು ಗಮನಿಸಿದ್ದು ಇನ್ನೊಂದನ್ನು: ಅಂಗಾಲಿನ ವೈರಸ್ ಕ್ಯಾನ್ಸರ್ ಹಾಗಿರಲಿ, ಬೇರೆ ಕೆಲವು ನರಹುಲಿಗಳಿಗೂ ಹೊಂದುತ್ತಿರಲಿಲ್ಲ. ಅಂದರೆ ನರಹುಲಿ ವೈರಸ್ ಒಂದಲ್ಲ, ಒಂದು ದೊಡ್ಡ ಸಂಸಾರ. ನಾವು ತಪ್ಪು ಮನೆಯ ಬಾಗಿಲು ತಟ್ಟುತ್ತಿದ್ದೇವೆ ಅಷ್ಟೆ, ಬೀದಿ ಇದೇ. (ಈಗ ಈ ಬೀದಿಯಲ್ಲಿ 200ಕ್ಕೂ ಜಾಸ್ತಿ ಮನೆ ಇವೆ.) ಗುಪ್ತಾಂಗದ ನರಹುಲಿಯಿಂದ 6ನೇ ಥರ ಸಿಕ್ಕಿತು, ಕ್ಯಾನ್ಸರ್‌ನಲ್ಲಿ ಇಲ್ಲ. ಗಂಟಲಿನ ಗಂಟಿನಿಂದ 11ನೇ ಥರ ಸಿಕ್ಕಿತು, ಅದೂ ಸರಿಯಾಗಿ ಹೊಂದಲಿಲ್ಲ. ಆದರೆ ಪರೀಕ್ಷೆಯ ಬಿಗಿ ಸ್ವಲ್ಪ ಸಡಿಲಿಸಿ, ಅಚ್ಚು ಹಾಗೇ ಇರಬೇಕಿಲ್ಲ, ಮುಖಚಹರೆ ಹೋಲಿದರೆ ಸಾಕು ಎಂಬ ಹಾಗೆ ಮಾಡಿದಾಗ, ಕೆಲವು ಕ್ಯಾನ್ಸರ್ ತುಂಡುಗಳಲ್ಲಿ ಮಸುಕು ಮಸುಕಾಗಿ ಏನೋ ಕಂಡಿತು. 11ರ ದಾಯಾದಿ ಯಾರೋ ಒಳಗೆ ಕೂತಿದ್ದರು. ಆ ಎಳೆ ಹಿಡಿದು ಎಳೆದಾಗ 1983ರಲ್ಲಿ 16ನೇ ಥರ, ಮರುವರ್ಷ 18ನೇ ಥರ ಸಿಕ್ಕಿತು. ಕೆಲಸ ಮಾಡಿದ ಕೈಗಳು ಲುಟ್ಜ್ ಗಿಸ್ಮನ್, ಮಥಿಯಾಸ್ ಡ್ಯೂರ್ಸ್ಟ್, ಮಿಖಾಯೆಲ್ ಬೊಶಾರ್ಟ್ ಎಂಬ ಅವರ ಜೊತೆಗಾರರದು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಈ ಎರಡರಿಂದಲೇ. 1951ರಲ್ಲಿ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗಡ್ಡೆಯಿಂದ ತೆಗೆದು, ಪ್ರಪಂಚದ ಲ್ಯಾಬ್‌ಗಳೆಲ್ಲ ಬೆಳೆಸುತ್ತಿದ್ದ ಹೀಲಾ ಕೋಶಗಳಲ್ಲೂ 18 ಇತ್ತು. ಅಷ್ಟು ವರ್ಷ ಎಲ್ಲರ ಕಣ್ಣೆದುರೇ!

ಸಿಕ್ಕಿದ್ದನ್ನು ಬಚ್ಚಿಡಲಿಲ್ಲ, ಕೇಳಿದ ಲ್ಯಾಬ್‌ಗಳಿಗೆಲ್ಲ ಹಂಚಿದರು. ಲಸಿಕೆ ಮಾಡಿ ಅಂತ ಔಷಧ ಕಂಪನಿಗಳ ಹತ್ತಿರ ಹೋದರೆ, ಇದಕ್ಕೆ ಮಾರುಕಟ್ಟೆ ಇಲ್ಲ ಅಂತ ಕಳಿಸಿದರು. ನೊಬೆಲ್ ಬಂದದ್ದು 2008ರಲ್ಲಿ, ಅರ್ಧ ಪಾಲು. ಉಳಿದರ್ಧ ಎಚ್‌ಐವಿ ಕಂಡುಹಿಡಿದ ಇಬ್ಬರಿಗೆ.

ಇನ್ನು ಲಸಿಕೆ. ಈ ವೈರಸ್ಸನ್ನು ಲ್ಯಾಬ್‌ನಲ್ಲಿ ಬೆಳೆಸುವುದು ಬಹಳ ಕಷ್ಟ. ಬೆಳೆಸಿದರೂ ಕ್ಯಾನ್ಸರ್ ತರುವ ಜೀನ್ ಇರುವ ವೈರಸ್ಸನ್ನು ಆರೋಗ್ಯವಾಗಿರುವ ಹುಡುಗಿಯರಿಗೆ ಚುಚ್ಚುವುದು ಹೇಗೆ? ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದ ಇಯಾನ್ ಫ್ರೇಜರ್ ಮತ್ತು ಚೀನಾದ ಜಿಯಾನ್ ಝೌ ಬೇರೆ ದಾರಿ ಹಿಡಿದರು. ವೈರಸ್ಸಿನ ಹೊರಚಿಪ್ಪಿನ ಪ್ರೋಟೀನನ್ನು ಮಾತ್ರ ಬೇರೆ ಕೋಶಗಳಲ್ಲಿ ತಯಾರಿಸಿದರು. ಅದು ತಾನಾಗಿಯೇ ಸೇರಿಕೊಂಡು ವೈರಸ್ ಆಕಾರದ ಪೊಳ್ಳು ಚೆಂಡಾಯಿತು. ಒಳಗೆ ತಿರುಳಿಲ್ಲದ ಕರಟ ಅನ್ನಿ. ನಮ್ಮ ಮೈ ಮಾತ್ರ ಇಡೀ ತೆಂಗಿನಕಾಯಿ ಬಂತು ಅಂತ ತಿಳಿದು ಕಾವಲು ಹಾಕುತ್ತದೆ. ಇದು 1991. ಆದರೆ ಚೆಂಡುಗಳು ಬಹಳ ಕಡಿಮೆ ಆಗುತ್ತಿದ್ದವು. ಯಾಕೆ ಅಂತ ಬಿಡಿಸಿದವರು ಅಮೆರಿಕದ ಜಾನ್ ಶಿಲ್ಲರ್ ಮತ್ತು ಡಗ್ಲಸ್ ಲೋವಿ. ಎಲ್ಲರೂ ಬಳಸುತ್ತಿದ್ದ 16ನೇ ವೈರಸ್ಸಿನ ಜೀನ್ ಬಂದದ್ದು ಜುರ್ ಹೌಸೆನ್ ಲ್ಯಾಬ್ ಹಂಚಿದ ಕ್ಯಾನ್ಸರ್ ತುಂಡಿನಿಂದ ತಾನೆ? ಕ್ಯಾನ್ಸರ್ ಕೋಶದೊಳಗೆ ಸೇರಿಹೋದ ವೈರಸ್ಸಿಗೆ ಚಿಪ್ಪು ಕಟ್ಟುವ ಕೆಲಸವೇ ಇಲ್ಲ, ಹಾಗಾಗಿ ಆ ಜೀನ್ ಕೆಟ್ಟರೂ ಅದಕ್ಕೇನೂ ನಷ್ಟ ಇಲ್ಲ. ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಕ್ಯಾನ್ಸರ್ ಅಲ್ಲದ ಜಾಗದಿಂದ ತೆಗೆದ ಜೀನ್ ಹಾಕಿದರು, ಚೆಂಡುಗಳು ಧಾರಾಳವಾಗಿ ಬಂದವು.

ಝೌ 1999ರಲ್ಲಿ 42ನೇ ವಯಸ್ಸಿಗೇ ತೀರಿಕೊಂಡರು. ಮೊದಲ ಲಸಿಕೆಗೆ ಅನುಮತಿ ಸಿಕ್ಕಿದ್ದು 2006ರಲ್ಲಿ. ಝೌ ಹೆಸರು ನಮ್ಮ ಲ್ಯಾಬ್‌ನಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ, ನನಗೆ ಇದೊಂದು ಬೇಜಾರು.

ಫಲ ಏನು ಅಂದರೆ, ಸ್ಕಾಟ್ಲೆಂಡ್‌ನಲ್ಲಿ 12-13ನೇ ವಯಸ್ಸಿಗೆ ಪೂರ್ತಿ ಲಸಿಕೆ ಹಾಕಿಸಿಕೊಂಡ ಹೆಂಗಸರಲ್ಲಿ ಒಂದೂ ಗರ್ಭಕಂಠದ ಕ್ಯಾನ್ಸರ್ ಕಂಡಿಲ್ಲ ಅಂತ 2024ರಲ್ಲಿ ವರದಿ ಬಂತು. ನಮ್ಮ ದೇಶದ ಪಾಲೂ ಇದರಲ್ಲಿ ಇದೆ, ಅದು ಆಕಸ್ಮಿಕವಾಗಿ ಆದದ್ದು. 2009ರಲ್ಲಿ ಇಲ್ಲಿ ಎರಡು ಡೋಸ್ ಸಾಕಾ, ಮೂರು ಬೇಕಾ ಎಂಬ ದೊಡ್ಡ ಅಧ್ಯಯನ ಶುರುವಾಗಿತ್ತು. ಅದೇ ಹೊತ್ತಿಗೆ ಆಂಧ್ರ, ಗುಜರಾತ್‌ನ ಬೇರೊಂದು ಯೋಜನೆಯಲ್ಲಿ ಕೆಲವು ಹುಡುಗಿಯರು ಸತ್ತು ಗಲಾಟೆಯಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಒಪ್ಪಿಗೆ ಪಡೆದ ರೀತಿ ತಪ್ಪಾಗಿತ್ತು, ಅದನ್ನು ಮುಚ್ಚಿಡುವುದು ಬೇಡ. 2010ರಲ್ಲಿ ಸರ್ಕಾರ ಎಲ್ಲಾ ನಿಲ್ಲಿಸಿತು. ಹೀಗೆ ಅರ್ಧಕ್ಕೆ ನಿಂತಾಗ ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಸಂಶೋಧಕರು ಅವರನ್ನು ಬಿಡದೆ ವರ್ಷಗಟ್ಟಲೆ ನೋಡಿದರು. ಒಂದು ಡೋಸೂ ಹೆಚ್ಚು ಕಡಿಮೆ ಅಷ್ಟೇ ಕಾಪಾಡುತ್ತಿತ್ತು! ಇಂಥ ಲೆಕ್ಕಗಳನ್ನು ನೋಡಿಯೇ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಚಿಕ್ಕ ವಯಸ್ಸಿನವರಿಗೆ ಒಂದು ಡೋಸ್ ಆದರೂ ನಡೆಯುತ್ತದೆ ಅಂದಿತು. (ಲಸಿಕೆ ಆದವರೂ ಮುಂದೆ ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆ ಬಿಡಬೇಡಿ, ಎಲ್ಲಾ ಥರದ ಎಚ್‌ಪಿವಿ ಅದರಲ್ಲಿ ಬರುವುದಿಲ್ಲ.)

ಈಗ ನಿಮ್ಮ ಮೂರನೇ ಪ್ರಶ್ನೆ. ನೊಬೆಲ್ ಬಂದಾಗ ಅವರಿಗೆ 72. ಆರಾಮಾಗಿ ಹಾರ ಹಾಕಿಸಿಕೊಂಡು ಭಾಷಣ ಮಾಡಿಕೊಂಡು ಇರಬಹುದಿತ್ತು. ಅವರು ಹಸುವಿನ ಹಿಂದೆ ಬಿದ್ದರು. ಯುರೋಪಿನ ದನದ ಮಾಂಸ, ಹಾಲಿನಲ್ಲಿ ಇರುವ ಸಣ್ಣ ಡಿಎನ್‌ಎ ಉಂಗುರಗಳು ಕರುಳಿನ ಮತ್ತು ಸ್ತನದ ಕ್ಯಾನ್ಸರ್‌ಗೆ ದಾರಿ ಮಾಡುತ್ತವೆ ಅಂತ ವಾದ ಹೂಡಿದರು. ದನದ ಮಾಂಸ ಕಡಿಮೆ ತಿನ್ನುವ ಭಾರತದಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಇರುವುದನ್ನೂ ಎತ್ತಿ ತೋರಿಸಿದರು. ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ, ಪುರಾವೆ ಸಾಲದು ಅಂದರು. ನನ್ನ ಅಭಿಪ್ರಾಯ ಕೇಳಿದರೆ ನಾನೂ ಹಾಲು ಕುಡಿಯುವುದು ಬಿಟ್ಟಿಲ್ಲ. ಹೈಡೆಲ್‌ಬರ್ಗ್‌ನ ಕ್ಯಾನ್ಸರ್ ಸಂಶೋಧನಾ ಕೇಂದ್ರವನ್ನು 20 ವರ್ಷ ನಡೆಸಿದ್ದ ಮನುಷ್ಯ, ಹೆಂಡತಿ ಎಥೆಲ್-ಮಿಷೆಲ್ ಡಿ ವಿಲಿಯರ್ಸ್ ಜೊತೆ ಸೇರಿ (ಅವರೂ ವೈರಸ್ ವಿಜ್ಞಾನಿಯೇ, 6ನೇ ಥರ ಹಿಡಿದವರಲ್ಲಿ ಒಬ್ಬರು) ಅಲ್ಲೇ ಈ ಕೆಲಸ ಮುಂದುವರಿಸಿದರು. 2023ರ ಮೇ ತಿಂಗಳಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು.